ಗುಂಡಿಯಿಲ್ಲದ ಫೋನು

ಫೆಬ್ರವರಿ 4

ತಮ್ಮಾ,

ಹಡಗು ನಾಳೆ ಬೆಳಿಗ್ಗೆಯೇ ಹೊರಡುತ್ತದೆ ಎಂದು ಆತುರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಹೊಂದಿಸಿಕೊಂಡು ಓದು. ಮೊದಲೇ ಹೇಳಿಬಿಡುತ್ತೇನೆ, ಗಾಬರಿಯಾಗಬೇಡ, ಅಮ್ಮ ಚೆನ್ನಾಗಿದ್ದಾಳೆ. ಸ್ವಲ್ಪ ಕೆಮ್ಮು, ಅಷ್ಟೆ.

ವಿಷಯ ನಮ್ಮ ಫೋನಿನದು. ಮುಂದಿನ ತಿಂಗಳಿಂದ ಹಳೇ ಗುಂಡಿ ಫೋನುಗಳಿಗೆ ಸಿಗ್ನಲ್ ಬರುವುದಿಲ್ಲವಂತೆ. ಅಂಗಡಿಯವನು ನನ್ನ ಫೋನನ್ನು ಸತ್ತ ಇಲಿಯ ಹಾಗೆ ಎರಡು ಬೆರಳಲ್ಲಿ ಎತ್ತಿ ಹಿಡಿದು, "ಏನಕ್ಕಾ, ಇದನ್ನ ಇನ್ನೂ ಇಟ್ಕೊಂಡಿದೀರಾ?" ಅಂದ. "ನಾನೆಲ್ಲಪ್ಪಾ ಇಟ್ಕೊಂಡಿರೋದು, ಅದೇ ನಮ್ಮನ್ನ ಇಟ್ಕೊಂಡಿದೆ" ಅಂದೆ. ಅವನಿಗೇನು ಗೊತ್ತು. ನಿನಗೆ ಕಿವಿ ಕೇಳಿಸದು, ನನಗೆ ಐದನೇ ಕ್ಲಾಸಿನ ಓದು, ಆ ಗುಂಡಿಗಳಲ್ಲಿ ಅಕ್ಷರ ಕೂಡಿಸಿ ಕಳಿಸಲು ಬಾರದು. ಅದಕ್ಕೇ ತಾನೆ ನೀನು ದ್ವೀಪದ ಹಡಗುಕಟ್ಟೆಗೆ ಕೆಲಸಕ್ಕೆ ಹೊರಟ ದಿನ ಅಮ್ಮ ಆ ಏರ್ಪಾಡು ಮಾಡಿದ್ದು? ಸಂಜೆ ನಾನು ಮಿಸ್ಡ್ ಕಾಲ್ ಕೊಡಬೇಕು. ನಿನ್ನ ಅಂಗಿ ಜೇಬಿನಲ್ಲಿ ಫೋನು ಒಂದು ಸಲ ನಡುಗಿದರೆ ಎಲ್ಲ ಸರಿ. ಎರಡು ಸಲ ಅಂದರೆ ಪತ್ರ ತಲುಪಿತು. ನಾಲ್ಕು ಸಲ ಅಂದರೆ ಅಮ್ಮನಿಗೆ ಜಾಸ್ತಿಯಾಗಿದೆ. ಒಂಬತ್ತು ವರ್ಷದಲ್ಲಿ ಒಂದು ದಿನವೂ ತಪ್ಪಿಸಿಲ್ಲ ನಾನು. ಕಣ್ಣು ಮುಚ್ಚಿಕೊಂಡೇ ಒತ್ತುತ್ತಿದ್ದೆ.

ಈಗ ಹೊಸ ಫೋನು ತಂದಿದ್ದೇನೆ. ಜೀವಮಾನವಿಡೀ ಅಂಗಿಗೆ ಗುಂಡಿ ಹೊಲಿದವಳ ಕೈಗೆ ಗುಂಡಿಯೇ ಇಲ್ಲದ ಫೋನು! ಬರೀ ಗಾಜು, ನೀನು ಹಡಗಿನ ಕಿಟಕಿಗೆ ಕೂರಿಸುತ್ತೀಯಲ್ಲ, ಹಾಗೆ. ನನ್ನ ಹೆಬ್ಬೆರಳು, ತೋರುಬೆರಳು ಸೂಜಿ ಚುಚ್ಚಿ ಚುಚ್ಚಿ ಜಡ್ಡುಗಟ್ಟಿವೆ. ಒತ್ತಿದರೆ ಅದಕ್ಕೆ ಗೊತ್ತೇ ಆಗುವುದಿಲ್ಲ. ಕಿರುಬೆರಳಲ್ಲಿ ಮುಟ್ಟಿದರೆ ಮಾತ್ರ ಹೂಂ ಅನ್ನುತ್ತದೆ. ಒಂದು ಸಲ ಮುಟ್ಟಿದರೆ ಎರಡು ಸಲ ಹೋಗುತ್ತದೋ, ಹೋಗುವುದೇ ಇಲ್ಲವೋ, ನನಗೆ ತಿಳಿಯುತ್ತಿಲ್ಲ. ಸುಮ್ಮಸುಮ್ಮನೆ ನಾಲ್ಕು ಹೋಗಿ ನಿನ್ನ ಎದೆ ಒಡೆದರೆ? ನಿಜವಾಗಿ ನಾಲ್ಕು ಕೊಡಬೇಕಾದ ದಿನ ಹೋಗದಿದ್ದರೆ?

ಏನು ಮಾಡಲಿ, ತಿಳಿಸು.

ಅಕ್ಕ

* * *

ಫೆಬ್ರವರಿ 19

ಅಕ್ಕಾ,

ನಿನ್ನ ಪತ್ರ ತಂದ ಹಡಗು ಇಲ್ಲೇ ನಿಂತಿದೆ, ಅದು ತಿರುಗುವುದರೊಳಗೆ ಬರೆಯುತ್ತೇನೆ. ನಡುಕಗಳು ಬರುತ್ತಿವೆ. ಮೊನ್ನೆ ಒಂದು, ನಿನ್ನೆ ಹನ್ನೊಂದು. ಹನ್ನೊಂದಕ್ಕೆ ಅಮ್ಮ ಯಾವ ಅರ್ಥ ಇಟ್ಟಿದ್ದಾಳೆ ಕೇಳಿ ಹೇಳು.

ಹೆದರಬೇಡ. ನಾನೂ ಹೋದ ವರ್ಷ ಇಂಥದೇ ಫೋನು ತೆಗೆದುಕೊಂಡೆ. ಮೊದಲ ತಿಂಗಳು ನನ್ನ ಜೇಬು ನಡುಗಿದ್ದೇ ನಡುಗಿದ್ದು. ಮಳೆ ಬರುತ್ತದೆ ಎಂದು ನಡುಗುತ್ತದೆ, ಚಪ್ಪಲಿ ಅಗ್ಗವಾಗಿದೆ ಎಂದು ನಡುಗುತ್ತದೆ. ಒಂದು ದಿನ ಸರಿಯಾಗಿ ನಾಲ್ಕು ಬಂತು. ಏಣಿ ಮೇಲಿದ್ದೆ. ಇಳಿದು, ಕಡಲ ಕಡೆ ಓಡಿ, ಹಡಗಿಲ್ಲದ ಕಟ್ಟೆಯ ಮೇಲೆ ನಿಂತುಕೊಂಡು ನೋಡಿದರೆ ಚಪ್ಪಲಿ. ಆಮೇಲೆ ಮೇಸ್ತ್ರಿಯ ಹೆಂಡತಿ ಬೇರೆಲ್ಲದರ ಬಾಯಿ ಮುಚ್ಚಿಸಿ ನಿನ್ನ ನಂಬರಿನದೊಂದನ್ನೇ ಉಳಿಸಿಕೊಟ್ಟಳು.

ಆದರೆ ಈ ಫೋನಿನಲ್ಲಿ ಒಂದು ಒಳ್ಳೆಯದಿದೆ. ಮುಖ ನೋಡಬಹುದು. ಮಾರ್ಚ್ ಮೊದಲ ಭಾನುವಾರದೊಳಗೆ ಈ ಪತ್ರ ನಿನ್ನ ಕೈಸೇರುತ್ತದೆ. ಆ ದಿನ ಬೆಳಿಗ್ಗೆ ಹತ್ತಕ್ಕೆ ನಾನೇ ಕರೆಯುತ್ತೇನೆ. ಹಸಿರು ಗುರುತನ್ನು ಕಿರುಬೆರಳಲ್ಲಿ ಮೇಲಕ್ಕೆ ಎಳೆ. ಒತ್ತಬೇಡ, ಬಟ್ಟೆ ನೀವುವ ಹಾಗೆ ಎಳೆ. ಅಮ್ಮನ ಮುಖ ತೋರಿಸಿದರೆ ಸಾಕು.

ಇಲ್ಲಿ ಎಲ್ಲ ಸರಿ. ಮೇಸ್ತ್ರಿ ನನ್ನನ್ನು ಗಾಜು ಕೂರಿಸುವ ಕೆಲಸದಿಂದ ಎಬ್ಬಿಸಿ ಉಗ್ರಾಣದಲ್ಲಿ ಸಾಮಾನಿನ ಪಟ್ಟಿ ಬರೆಯಲು ಹಾಕಿದ್ದಾನೆ. ಆರಾಮದ ಕೆಲಸ.

ತಮ್ಮ

* * *

ಮಾರ್ಚ್ 7

ತಮ್ಮಾ,

ಇವತ್ತಿನ ಪ್ರಹಸನ ನೀನು ಅಲ್ಲಿಂದ ಅರ್ಧ ನೋಡಿರುತ್ತೀಯ, ಉಳಿದರ್ಧ ನಾನು ಬರೆಯುತ್ತೇನೆ.

ಬೆಳಿಗ್ಗೆ ಎಂಟಕ್ಕೇ ಫೋನನ್ನು ಅಮ್ಮನ ಹಾಸಿಗೆ ಪಕ್ಕದ ಮೇಜಿನ ಮೇಲಿಟ್ಟುಕೊಂಡು ಕೂತಿದ್ದೆವು. ಎದುರು ಮನೆಯ ರಿಟೈರಾದ ಟೀಚರಮ್ಮ ಒಂದು ಹಾಳೆಯಲ್ಲಿ ಹೀಗೆ ಮಾಡು, ಹಾಗೆ ಮಾಡಬೇಡ ಎಂದೆಲ್ಲ ಬರೆದುಕೊಟ್ಟಿದ್ದಾರೆ, ಅದನ್ನು ಗೋಡೆಗೆ ಅಂಟಿಸಿದ್ದೇನೆ. ಹೋದ ವಾರ ಇದೇ ಫೋನಿನ ಟಾರ್ಚು ತಾನಾಗಿ ಹತ್ತಿಕೊಂಡು, ಕಾರ್ಖಾನೆಯಲ್ಲಿ ನನ್ನ ಚೀಲದೊಳಗೆ ಬೆಳಕು ಕಂಡು, ಬೆಂಕಿಯೇ ಬಿದ್ದಿತೆಂದು ಚೀಲಕ್ಕೆ ನೀರು ಸುರಿದೆ. ಸೂಪರ್‌ವೈಸರಮ್ಮ, "ನಿನ್ನ ಫೋನಿಗೆ ಸ್ನಾನ ಆಯ್ತು, ಇನ್ನು ತಲೆ ಬಾಚು" ಎಂದು ಎಲ್ಲರೆದುರು ಆಡಿಕೊಂಡಳು. ಫೋನು ಸಾಯಲಿಲ್ಲ, ಪುಣ್ಯ.

ಹತ್ತಕ್ಕೆ ಸರಿಯಾಗಿ ನಿನ್ನ ಕರೆ ಬಂತು. ಎಳೆದೆ. ಎಳೆದವಳೇ ಕಿವಿಗಿಟ್ಟುಕೊಂಡು, ಹಲೋ ಹಲೋ ಎಂದು ಕೂಗಿದೆ. ನಿನಗೆ ಕೇಳಿಸದು ಎಂಬುದೂ ಮರೆತುಹೋಯಿತು ನೋಡು. ಅಮ್ಮ ಹಾಸಿಗೆಯಿಂದಲೇ, "ಅಯ್ಯೋ ಮಂಕೇ, ಕಿವಿಗ್ಯಾಕೆ ಹಿಡ್ಕೊಂಡೆ? ಅವನು ಅಲ್ಲಿ ನಿನ್ನ ಕಿವಿ ನೋಡ್ತಾ ಕೂತಿರ್ತಾನೆ!" ಅಂದಳು.

ಆಮೇಲೆ ನಿನ್ನ ಮುಖ ಕಂಡಿತು. ಎಷ್ಟು ಇಳಿದುಹೋಗಿದ್ದೀಯ! ಗಡ್ಡ ಬೇರೆ. ಅಮ್ಮ ಗಾಜಿನ ಮೇಲೆ ನಿನ್ನ ಕೆನ್ನೆ ಸವರಿದಳು, ಆ ಸವರಿದ್ದಕ್ಕೇ ಕರೆ ಕಟ್ಟಾಗಿಹೋಯಿತು. ಮತ್ತೆ ಹತ್ತಿಸಲು ನಮಗೆ ಬರಲಿಲ್ಲ. ಅಮ್ಮ ತನ್ನ ಬೆರಳಿಗೇ ಬೈದುಕೊಂಡಳು.

ಆಮೇಲೆ ಅಂದಳು: "ಕೈಯಾಡಿಸಲೇ ಇಲ್ವಲ್ಲೇ ಅವನು. ಬರೀ ನಗ್ತಿದ್ದ."

"ಫೋನ್ ಹಿಡ್ಕೊಂಡಿದ್ನಲ್ಲಮ್ಮಾ."

"ಒಂದು ಕೈಲಿ ಹಿಡ್ಕೊಂಡ. ಇನ್ನೊಂದು?"

ಅವಳಿಗೆ ಎಲ್ಲದರಲ್ಲೂ ಅನುಮಾನ. ನನಗೆ ಹೆದರುವುದನ್ನು ಕಲಿಸಿದವಳೇ ಅವಳು. ಆದರೂ ತಮ್ಮಾ, ನಮ್ಮ ಮನೆಯಲ್ಲಿ ನೀನು ಕೈಯಾಡಿಸದೆ ಎರಡು ನಿಮಿಷ ಕೂತವನಲ್ಲ. ಕೈಮಾತು ಬಂದಾಗಿನಿಂದ ವಟವಟ ಎನ್ನುವ ಕೈ ನಿನ್ನದು. ಅಮ್ಮನ ಮೇಲೆ ಏನಾದರೂ ಬೇಸರವೇ?

ಕೆಮ್ಮು ಕಡಿಮೆಯಾಗುತ್ತಿದೆ. ಆ ಬಗ್ಗೆ ಯೋಚನೆ ಬೇಡ.

ಅಕ್ಕ

* * *

ಮಾರ್ಚ್ 22

ಅಕ್ಕಾ,

ನಿನ್ನ ಕಿವಿ ಬಹಳ ಚೆನ್ನಾಗಿ ಕಂಡಿತು. ಓಲೆ ಹೊಸದೇ?

ಬೇಸರ ಏನೂ ಇಲ್ಲ. ಫೋನು ಹಿಡಿದುಕೊಂಡಿದ್ದೆ, ಅಷ್ಟೆ. ಅಮ್ಮನಿಗೆ ಹಾಗೇ ಹೇಳು. ಅಮ್ಮ ಹಾಸಿಗೆಯಿಂದ ಎದ್ದು ಬರಲಿಲ್ಲವಲ್ಲ, ಕೆಮ್ಮಿಗೆ ಹಾಸಿಗೆ ಯಾಕೆ? ಏನನ್ನೂ ಮುಚ್ಚಿಡಬೇಡ. ಹಡಗು ಹತ್ತಿದರೆ ನಿಮ್ಮ ದಡ ಕಾಣಲು ಹದಿನೈದು ದಿನ ಬೇಕು, ಗೊತ್ತಲ್ಲ.

ತಮ್ಮ

* * *

ಏಪ್ರಿಲ್ 6

ತಮ್ಮಾ,

ಈ ಪತ್ರವನ್ನು ಮೂರು ಸಲ ಶುರುಮಾಡಿ ಹರಿದೆ.

ಮಾರ್ಚ್ ಇಪ್ಪತ್ತೆಂಟರ ಮಧ್ಯಾಹ್ನ ಅಮ್ಮ ಹೋದಳು. ಇದು ನಿನಗೆ ಗೊತ್ತು. ಟೀಚರಮ್ಮ ಫೋನಿನಲ್ಲಿ ಬರೆದು ಕಳಿಸಿದ್ದರು. ಆದರೆ ನಾನು ಬರೆದಿರಲಿಲ್ಲ, ನಾನೇ ಬರೆಯಬೇಕು.

ಬರೀ ಕೆಮ್ಮು ಎಂದು ನಾನು ಬರೆದದ್ದು ಸುಳ್ಳು. ಹೃದಯ ಊದಿಕೊಂಡಿದೆ, ಹೆಚ್ಚು ದಿನ ಇಲ್ಲ ಎಂದು ಡಾಕ್ಟರು ಜನವರಿಯಲ್ಲೇ ಹೇಳಿದ್ದರು. ಅಮ್ಮ ನನ್ನ ಬಾಯಿ ಕಟ್ಟಿಹಾಕಿದ್ದಳು. "ಅವನದು ಗಾಜಿನ ಕೆಲಸ. ನನ್ನ ಯೋಚನೇಲಿ ಎಲ್ಲಾದರೂ ಕೈ ಕುಯ್ಕೊಂಡಾನು. ಕೈ ಹೋದ್ರೆ ಅವನ ಬಾಯೇ ಹೋದ ಹಾಗೆ" ಅಂದಳು. ಅವಳ ಮಾತು ಕೇಳಿದೆ. ಕೇಳಬಾರದಿತ್ತೇನೋ.

ಇಪ್ಪತ್ತಾರಕ್ಕೆ ಆಸ್ಪತ್ರೆಗೆ ಸೇರಿಸಿದೆವು. ಇಪ್ಪತ್ತೆಂಟರ ಬೆಳಿಗ್ಗೆ ನರ್ಸು, "ಹತ್ತಿರದವರಿಗೆಲ್ಲ ಹೇಳಿಬಿಡಿ" ಅಂದರು. ನಾಲ್ಕು ಕೊಡಬೇಕೆಂದು ಫೋನು ತೆಗೆದೆ. ಕೈಯಲ್ಲಿ ಬೆವರು, ಕಿರುಬೆರಳಿಗೂ ಅದು ಹೂಂ ಅನ್ನಲಿಲ್ಲ. ಬೀಗದ ನಂಬರು ತಪ್ಪಿತು, ತಪ್ಪಿತು, ತಪ್ಪಿತು, ಆಮೇಲೆ ಸ್ವಲ್ಪ ಹೊತ್ತು ಕಾಯಿರಿ ಎಂದು ಅದೇ ನನಗೆ ಹೇಳಿತು. ಕಾಯಲು ಅಮ್ಮನಿಗೆ ಹೊತ್ತೆಲ್ಲಿತ್ತು? ವಾರ್ಡಿನ ಗೋಡೆಗೆ ಫೋನನ್ನು ಅಪ್ಪಳಿಸುವಷ್ಟು ಸಿಟ್ಟು ಬಂತು. ಜೊತೆಗೆ ಬಂದಿದ್ದ ಟೀಚರಮ್ಮ ನನ್ನ ಕೈಯಿಂದ ಕಿತ್ತುಕೊಂಡು, ಸೆರಗಿನಲ್ಲಿ ಒರೆಸಿ, ವಿಡಿಯೊ ಹತ್ತಿಸಿಕೊಟ್ಟರು.

ನೀನು ಕಂಡೆ. ನಾನು ಅಮ್ಮನ ದಿಂಬಿನ ಪಕ್ಕ ನಿಂತು, ಅವಳ ಮುಖದೆದುರು ಫೋನು ಹಿಡಿದೆ. ಸೂಜಿಗೆ ದಾರ ಪೋಣಿಸುವ ಹಾಗೆ ಉಸಿರು ಬಿಗಿಹಿಡಿದು ಹಿಡಿದೆ. ಗಾಜಿನ ಮೂಲೆಯ ಪುಟ್ಟ ಚೌಕದಲ್ಲಿ ಅವಳ ಮುಖ ಆಚೀಚೆ ಸರಿಯದ ಹಾಗೆ ನೋಡಿಕೊಂಡೆ. ನಿನಗೆ ಮುಖ ಬೇಕು ಎಂದು ಬರೆದಿದ್ದೆಯಲ್ಲ. ಬಾಯಿಗೆ ಆಮ್ಲಜನಕದ ಮುಚ್ಚಳ ಹಾಕಿದ್ದರು, ಕಣ್ಣಾದರೂ ಕಾಣಲಿ ಎಂದು ಇನ್ನಷ್ಟು ಹತ್ತಿರ ಹಿಡಿದೆ.

ಅವಳು ಎರಡೂ ಕೈ ಎತ್ತಿ, ಚೆನ್ನಾಗಿರು, ಊಟ ಬಿಡಬೇಡ ಅಂದಳು. ನಿನಗೆ ಕಂಡಿತಲ್ಲ?

ಎಲ್ಲರೂ ಸೇರಿ ಅಮ್ಮನನ್ನು ಕಳಿಸಿಕೊಟ್ಟೆವು. ಈಗ ಹೊರಡುವ ಹಡಗು ನಿನ್ನಲ್ಲಿಗೆ ಬಂದು ಇತ್ತ ತಿರುಗುತ್ತದೆ. ಅದರಲ್ಲಿ ಬಂದುಬಿಡು. ಮನೆ ನುಂಗಲು ಬರುತ್ತಿದೆ.

ಫೋನನ್ನು ಗುಂಡಿಗಳ ತಗಡಿನ ಡಬ್ಬಿಯೊಳಗೆ ಹಾಕಿ ಮುಚ್ಚಿದ್ದೇನೆ. ನೀನು ಕರೆದಾಗ ಡಬ್ಬಿಯೊಳಗೆ ಗುಂಡಿಗಳೆಲ್ಲ ಗಲಗಲ ಎನ್ನುತ್ತವೆ. ತೆಗೆಯಲು ಧೈರ್ಯವಿಲ್ಲ. ಬಂದ ಮೇಲೆ ಮಾತಾಡೋಣ.

ಅಕ್ಕ

* * *

ಏಪ್ರಿಲ್ 21

ಅಕ್ಕಾ,

ಈ ಹಡಗಿಗೆ ನಾನು ಬರುತ್ತಿಲ್ಲ. ಯಾಕೆಂದು ಈಗ ಕೇಳಬೇಡ.

ಇನ್ನೊಂದನ್ನು ನಾನು ಕೇಳುತ್ತೇನೆ, ನಿಜ ಹೇಳು. ಅಮ್ಮನ ಕೈ ಏನು ಹೇಳಿತು?

ಎರಡೂ ಕೈ ಎತ್ತಲಿಲ್ಲ ಅವಳು. ಚಿತ್ರದಲ್ಲಿ ನನಗೆ ಕಂಡದ್ದು ಕಣ್ಣು, ಮುಚ್ಚಳ, ಕುತ್ತಿಗೆ, ಎರಡು ಭುಜದ ತುದಿ. ಎಡಭುಜ ಒಂದು ಸಲವೂ ಅಲುಗಲಿಲ್ಲ. ಬಲಭುಜ ಎದ್ದು ಇಳಿಯಿತು. ಮೂರು ಸಲ. ಏಳುವುದು ನಿಧಾನ, ಇಳಿಯುವುದು ಜೋರು. ಬಲಗೈಯಲ್ಲಿ ಏನೋ ಹೇಳುತ್ತಿದ್ದಳು, ಒಂದೇ ಮಾತು, ಮೂರು ಸಲ.

ಉಗ್ರಾಣದಲ್ಲಿ ಹಡಗಿನ ಕೋಣೆಗೆ ಹಾಕುವ ಕನ್ನಡಿಗಳಿವೆ. ಒಂದರ ಕೆಳಗಿನ ಅರ್ಧಕ್ಕೆ ಕಾಗದ ಅಂಟಿಸಿ ಎದುರು ಕೂತೆ. ಭುಜ ಮಾತ್ರ ಕಾಣುವ ಹಾಗೆ. ನಮ್ಮ ಮನೆಯ ಕೈಮಾತುಗಳನ್ನೆಲ್ಲ ಒಂದೊಂದಾಗಿ ಆಡಿ ನೋಡಿದೆ. ಊಟ, ನೀರು, ಬಾ, ಮಲಗು, ಬಾಗಿಲು ಹಾಕು, ಅಕ್ಕನನ್ನು ಕರೆ. ನನಗೆ ಅವಳು ಇಟ್ಟ ಹೆಸರು, ಗಲ್ಲಕ್ಕೆ ಬೆರಳು ತಾಗಿಸುವುದು, ಅದನ್ನೂ. ಯಾವುದಕ್ಕೂ ಭುಜ ಹಾಗೆ ಏಳುವುದಿಲ್ಲ. ಮೂರು ವಾರದಿಂದ ಇದೇ ನನ್ನ ಕೆಲಸ. ಮೇಸ್ತ್ರಿ ಬಂದು ನೋಡಿ, ಬಾಗಿಲು ಮುಂದೆ ಮಾಡಿಕೊಂಡು ಹೋದ.

ಸಾಕು, ಕೂತುಕೋ, ಕೆಳಗೆ: ಈ ಮೂರಕ್ಕೆ ಮಾತ್ರ ಭುಜ ಸುಮಾರಾಗಿ ಹೊಂದುತ್ತದೆ. ಸಾಕು ಅಂದಳೇ ಅಕ್ಕಾ? ಬದುಕಿದ್ದು ಸಾಕು ಅಂತಲೇ? ನನ್ನನ್ನು ನೋಡಿದ್ದು ಸಾಕು ಅಂತಲೇ?

ನೀನು ಪಕ್ಕದಲ್ಲೇ ಇದ್ದೆ.

ತಮ್ಮ

* * *

ಮೇ 6

ತಮ್ಮಾ,

ನೀನು ಬರುತ್ತೀಯೆಂದು ಇಲ್ಲಿನ ಹಡಗುಕಟ್ಟೆಗೆ ಹೋಗಿದ್ದೆ. ಕೊನೆಯವನು ಇಳಿದು ಹಗ್ಗ ಸುತ್ತುವವರೆಗೂ ನಿಂತಿದ್ದೆ. ಆಮೇಲೆ ಅಂಚೆಯವನು ಈ ಪತ್ರ ಕೊಟ್ಟ. ಅಮ್ಮನಿಗೂ ಬರದವನು ನನಗೆ ಬಂದಾನೆಯೇ ಎಂದು ದಾರಿಯುದ್ದಕ್ಕೂ ಬೈದುಕೊಂಡೆ. ಮನೆಗೆ ಬಂದು ಓದಿದ ಮೇಲೆ ಬೈಗುಳವೆಲ್ಲ ನನ್ನ ಮೇಲೇ ತಿರುಗಿತು.

ನಾನು ನೋಡಲಿಲ್ಲ ತಮ್ಮಾ. ಅವಳ ಕೈ ನಾನು ನೋಡಲೇ ಇಲ್ಲ. ಫೋನು ಅಡ್ಡ ಇತ್ತು, ನನ್ನ ಕಣ್ಣು ಆ ಪುಟ್ಟ ಚೌಕದಲ್ಲೇ ಇತ್ತು. ಮುಖ ಸರಿಯಾಗಿ ಕೂತಿದೆಯೇ, ಬೆಳಕು ಸಾಲುತ್ತದೆಯೇ, ಮತ್ತೆ ಕಟ್ಟಾಗುತ್ತದೆಯೇ, ಅದೇ ಯೋಚನೆ. ಕಿವಿ ಕೇಳಿಸುವವರ ಬುದ್ಧಿ ನನ್ನದು. ಮಾತು ಅಂದರೆ ಮುಖ ಅಂದುಕೊಂಡೆ. ನೀನು ಹುಟ್ಟಿದಾಗಿನಿಂದ ನಿನ್ನ ಜೊತೆ ಇದ್ದೂ, ನಿನಗೆ ತೋರಿಸಬೇಕಾದದ್ದು ಕೈ ಎಂಬುದು ಆ ಹೊತ್ತಿನಲ್ಲಿ ಹೊಳೆಯಲಿಲ್ಲ. ಚೆನ್ನಾಗಿರು ಅಂದಳು ಎಂದು ಬರೆದದ್ದು ನಾನೇ ಕಟ್ಟಿದ ಮಾತು. ಎಡಗೈಗೆ ಡ್ರಿಪ್ ಹಾಕಿ ಕಟ್ಟಿದ್ದರು, ಅದೂ ನೆನಪಾಗಲಿಲ್ಲ ಸುಳ್ಳು ಬರೆಯುವಾಗ.

ನಿನ್ನ ಪತ್ರ ಹಿಡಿದುಕೊಂಡು ಟೀಚರಮ್ಮನ ಮನೆಗೆ ಹೋದೆ. ಅವರು ಆ ದಿನ ಮಂಚದ ಕಾಲ ಬಳಿ ನಿಂತಿದ್ದರಲ್ಲ.

"ಬಲಗೈ ಎತ್ತಿ ಏನೋ ಮಾಡಿದ್ರು ಕಣಮ್ಮಾ" ಅಂದರು. "ಉಸಿರಿಗೆ ಒದ್ದಾಡ್ತಿದಾರೆ ಅಂದ್ಕೊಂಡೆ ನಾನು."

"ಹೇಗೆ ಮಾಡಿದ್ರು, ಮಾಡಿ ತೋರ್ಸಿ."

ಅವರಿಗೆ ನಮ್ಮ ಕೈಮಾತು ಒಂದಕ್ಷರ ಬಾರದು. ಕುರ್ಚಿಯ ಮೇಲೆ ಕೂತು, ಕಣ್ಣು ಮುಚ್ಚಿ ನೆನಪು ಮಾಡಿಕೊಂಡು, ಬಲಗೈ ಎದೆಯೆತ್ತರಕ್ಕೆ ಎತ್ತಿದರು. ಅಂಗೈ ಕೆಳಮುಖ. ಗಾಳಿಯನ್ನು ಒತ್ತಿದ ಹಾಗೆ ಇಳಿಸಿದರು. ಮತ್ತೆ ಎತ್ತಿದರು, ಇಳಿಸಿದರು. ಮತ್ತೊಂದು ಸಲ.

"ಎಲ್ಲಿ ನೋಡ್ತಿದ್ಲು? ನನ್ನ ಕಡೆಗಾ?"

"ಇಲ್ಲಮ್ಮಾ, ಫೋನೇ ನೋಡ್ತಿದ್ರು. ಕಣ್ಣು ಕಿತ್ತಿರಲಿಲ್ಲ."

ಸಾಕು ಅಲ್ಲ ತಮ್ಮಾ. ಸಾಕು ಅಂದರೆ ಕೈ ಅಡ್ಡಕ್ಕೆ ಹೋಗಬೇಕು. ಕೂತುಕೋ ಅಂದರೆ ಬೆರಳು ಮಡಚಬೇಕು. ಇದು ಕೆಳಗೆ. ಕೆಳಗಿಳಿಸು, ಕೆಳಗಿಳಿಸು, ಕೆಳಗಿಳಿಸು.

ಫೋನು ಕೆಳಗೆ ಹಿಡಿ ಎಂದು ನನಗೆ ಹೇಳುತ್ತಿದ್ದಳು. ಕೈ ಕಾಣುವ ಹಾಗೆ ಹಿಡಿ, ನನ್ನ ಮಗನ ಹತ್ತಿರ ಮಾತಾಡಬೇಕು ಎಂದು. ಫೋನು ಹಿಡಿದು ಗೊತ್ತಿಲ್ಲದವಳಿಗೆ ತಿಳಿದದ್ದು ನನಗೆ ತಿಳಿಯಲಿಲ್ಲ. ನಾನು ಇಳಿಸಿದ್ದರೆ ಅವಳು ಏನು ಹೇಳುತ್ತಿದ್ದಳೋ, ಅದನ್ನು ಅವಳ ಜೊತೆಗೇ ಕಳಿಸಿಬಿಟ್ಟೆ. ಕೈಕೆಲಸದವಳು ನಾನು, ಆ ಒಂದು ಕೈ ನೋಡಲಿಲ್ಲ. ನೀನು ಇನ್ನು ಬರದಿದ್ದರೂ ನ್ಯಾಯವೇ.

ಅಕ್ಕ

* * *

ಮೇ 21

ಅಕ್ಕಾ,

ನಿನ್ನ ಪತ್ರವನ್ನು ಕನ್ನಡಿಯ ಮುಂದೆ ಕೂತು ಓದಿದೆ. ಟೀಚರಮ್ಮ ಮಾಡಿದ ಹಾಗೆ ಮಾಡಿದೆ. ಭುಜ ಸರಿಯಾಗಿ ಹಾಗೇ ಎದ್ದಿತು, ಹಾಗೇ ಇಳಿಯಿತು. ಕನ್ನಡಿಗೆ ಅಂಟಿಸಿದ್ದ ಕಾಗದ ಕಿತ್ತುಹಾಕಿದೆ.

ಈಗ ನನ್ನದು ಕೇಳು. ಕೂತುಕೊಂಡು ಓದು.

ಫೆಬ್ರವರಿ ಹತ್ತರಂದು ಕಿಟಕಿಯ ದೊಡ್ಡ ಗಾಜು ಚೌಕಟ್ಟಿನಿಂದ ಜಾರಿತು. ಎಡಗೈಯಿಂದ ಹಿಡಿಯಲು ಹೋದೆ. ಅಂಗೈ ಅಡ್ಡಕ್ಕೆ ಸೀಳಿತು. ಹೊಲಿಗೆ ಹಾಕಿದರು, ನಿನ್ನಷ್ಟು ಚೆನ್ನಾಗಿ ಅಲ್ಲ. ಉಂಗುರಬೆರಳು, ಕಿರುಬೆರಳು ಈಗ ಬಗ್ಗುವುದಿಲ್ಲ. ಅದಕ್ಕೇ ಮೇಸ್ತ್ರಿ ಉಗ್ರಾಣಕ್ಕೆ ಹಾಕಿದ್ದು. ಆರಾಮದ ಕೆಲಸ ಎಂದು ಬರೆದದ್ದು ನನ್ನ ಸುಳ್ಳು. ನಿನ್ನ ಕೆಮ್ಮಿಗೂ ಇದಕ್ಕೂ ಸರಿಹೋಯಿತು.

ಅಮ್ಮನ ಕೈ ತೋರಿಸು ಎಂದು ನಿನಗೆ ಬರೆಯಬೇಕೆಂದು ಫೆಬ್ರವರಿಯಲ್ಲಿ ಪೆನ್ನು ಹಿಡಿದಾಗಲೇ ಗೊತ್ತಿತ್ತು. ಮುಖ ಸಾಕು ಎಂದು ಬೇಕೆಂದೇ ಬರೆದೆ. ಅಮ್ಮನ ಕೈ ಕೇಳಿದರೆ ಅಮ್ಮ ನನ್ನ ಕೈ ಕೇಳುತ್ತಾಳೆ. ಎರಡು ಬೆರಳಿಲ್ಲದೆ ನನ್ನ ಮಾತು ತೊದಲುತ್ತದೆ ಅಕ್ಕಾ. ಅವಳೆದುರು ತೊದಲಲು ಆಗಲಿಲ್ಲ. ಹಡಗು ಹತ್ತದೆ ಉಳಿದದ್ದೂ ಅದಕ್ಕೇ. ಮನೆಗೆ ಬಂದು ನಿನ್ನೆದುರು ನಿಂತು, ಅಮ್ಮ ಹೋದಳಲ್ಲ ಎಂದು ಕೂಡ ನೆಟ್ಟಗೆ ಹೇಳಲಾರೆ ಎಂದು.

ಮಾರ್ಚ್ ಇಪ್ಪತ್ತೆಂಟರಂದು ಅವಳು ಕಂಡಾಗ ನಾನು ಫೋನನ್ನು ಗಲ್ಲದ ಹತ್ತಿರ ಹಿಡಿದಿದ್ದೆ. ಎಡಗೈ ಬೆನ್ನ ಹಿಂದೆ ಇತ್ತು. ಮೊದಲ ಸಲವೂ ಹಾಗೇ ಇತ್ತು. ಅವಳು ಫೋನನ್ನೇ ನೋಡುತ್ತಿದ್ದಳು ಎಂದರಲ್ಲ ಟೀಚರಮ್ಮ. ನಿನ್ನ ಕಡೆ ನೋಡಲಿಲ್ಲ. ನಮ್ಮ ಮನೆಯಲ್ಲಿ ಕೈಮಾತು ಆಡುವಾಗ ಯಾರಿಗೆ ಹೇಳುತ್ತೇವೋ ಅವರ ಕಣ್ಣು ಹಿಡಿದೇ ಆಡುತ್ತೇವೆ. ನಿನಗೆ ಹೇಳುವುದಾಗಿದ್ದರೆ ಬಾಯಿಗೆ ಮುಚ್ಚಳವಿದ್ದರೇನು, ನಿನ್ನ ಸೆರಗು ಎಳೆದು ನಿನ್ನನ್ನು ನೋಡಿ ಹೇಳುತ್ತಿದ್ದಳು.

ಅವಳು ಹೇಳಿದ್ದು ನನಗೆ. ನಿನ್ನ ಫೋನು ಇಳಿಸು, ನಿನ್ನ ಕೈ ತೋರಿಸು ಎಂದು. ಒಂದು ಕೈಲಿ ಹಿಡಿದರೆ ಇನ್ನೊಂದು ಎಲ್ಲಿ ಎಂದು ಮಾರ್ಚಿನಲ್ಲೇ ಕೇಳಿದ್ದಳಲ್ಲ, ಅದನ್ನೇ ಕೊನೆಗೂ ಕೇಳಿದಳು. ಬೇರೇನೋ ಹೇಳಬೇಕಿತ್ತು, ನೀನು ಅಡ್ಡ ಬಂದೆ ಎಂದು ಇನ್ನು ಅಳಬೇಡ. ಅವಳು ಹೇಳಬೇಕಾದ್ದನ್ನು ಹೇಳಿಯೇ ಹೋದಳು. ಕೇಳದೆ ಹೋದವನು ನಾನು.

ಜೂನ್ ಎರಡನೇ ಭಾನುವಾರ, ಬೆಳಿಗ್ಗೆ ಹತ್ತಕ್ಕೆ ಕರೆಯುತ್ತೇನೆ. ಡಬ್ಬಿಯಿಂದ ಫೋನು ತೆಗೆದಿಟ್ಟುಕೋ. ಕೈಯಲ್ಲಿ ಹಿಡಿಯಬೇಡ. ಹೊಲಿಗೆ ಮೆಷಿನಿಗೆ ಒರಗಿಸಿ ನಿಲ್ಲಿಸು, ಹಸಿರನ್ನು ಎಳೆ, ಮೂರು ಹೆಜ್ಜೆ ಹಿಂದಕ್ಕೆ ಸರಿದು ನಿಲ್ಲು. ನಾನೂ ಸರಿದು ನಿಲ್ಲುತ್ತೇನೆ. ಮೊದಲು ಎಡಗೈ ತೋರಿಸುತ್ತೇನೆ, ನೋಡಿ ಅತ್ತು ಮುಗಿಸು.

ಆಮೇಲೆ ಮಾತಾಡೋಣ. ತೊದಲಿದರೆ, ಇನ್ನೊಂದು ಸಲ ಹೇಳು ಅನ್ನು. ಹೇಳುತ್ತೇನೆ.

ತಮ್ಮ